ನಾನೂರು ಗಾಡಿ, ಒಂದೇ ಡೇಟಾಬೇಸ್: ಕೋಲಾರದ ಡೆಲಿವರಿ ಕಂಪನಿಯೊಂದರ ಪೋಸ್ಟ್‌ಗ್ರೆಸ್ ದುರಸ್ತಿಯ ದಾಖಲೆ

ಕೋಲಾರದ ಎಪಿಎಂಸಿ ಯಾರ್ಡ್‌ನಿಂದ ಟೊಮೆಟೊ ಬಾಕ್ಸ್‌ಗಳನ್ನೂ, ಜಿಲ್ಲೆಯ ಆರೂ ತಾಲ್ಲೂಕುಗಳ ಅಂಗಡಿಗಳಿಗೆ ಪಾರ್ಸೆಲ್‌ಗಳನ್ನೂ ಸಾಗಿಸುವ ನಮ್ಮ ಕಂಪನಿಯ ಆರ್ಡರ್, ಗಾಡಿ, ಡ್ರೈವರ್, ಹಣ ವಸೂಲಿ ಮತ್ತು ಗಾಡಿಗಳು ಓಡಾಡಿದ ದಾರಿ ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ಒಂದೇ ಡೇಟಾಬೇಸ್‌ನಲ್ಲಿದ್ದವು. ಈಗಲೂ ಒಂದರಲ್ಲೇ ಇವೆ. ಗಾಡಿಗಳ ಸಂಖ್ಯೆ ಕೆಲವು ಡಜನ್‌ನಿಂದ ನಾನೂರಕ್ಕೆ ಏರಿದಾಗ ಡೇಟಾಬೇಸ್ ಅನ್ನು ತಾಲ್ಲೂಕುವಾರು ಒಡೆಯಬೇಕು ಎಂಬ ಸಲಹೆಯೂ, ಇದ್ದುದಕ್ಕಿಂತ ನಾಲ್ಕು ಪಟ್ಟು ದೊಡ್ಡ ಯಂತ್ರವನ್ನು ಬಾಡಿಗೆಗೆ ಪಡೆಯಬೇಕು ಎಂಬ ಸಲಹೆಯೂ ಬಂದವು. ಎರಡನ್ನೂ ಮಾಡದೆ ಏನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು, ಏನನ್ನು ಬೇಕೆಂದೇ ಬಿಟ್ಟೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಯಂತ್ರ ಸಾಧಾರಣದ್ದು: ಎಂಟು ಕೋರ್, 32 ಜಿಬಿ ಮೆಮೊರಿ, ಎಸ್‌ಎಸ್‌ಡಿ ಡಿಸ್ಕ್, ಮುಂಬೈನ ಕ್ಲೌಡ್ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆದದ್ದು. ಅದರ ಮೇಲೆ ಪೋಸ್ಟ್‌ಗ್ರೆಸ್ 16 ಓಡುತ್ತದೆ. ಹೊರೆಯ ಸ್ವರೂಪವನ್ನು ಮಾತ್ರ ನಮ್ಮ ಊರಿನ ಮಾರುಕಟ್ಟೆಯೇ ನಿರ್ಧರಿಸುತ್ತದೆ. ರಾತ್ರಿಯಿಡೀ ಮಾಲು ಯಾರ್ಡ್‌ಗೆ ಬಂದು ಬೀಳುತ್ತದೆ, ಬೆಳಿಗ್ಗೆ ಹರಾಜು ನಡೆಯುತ್ತದೆ, ಹರಾಜು ಮುಗಿದ ಕೂಡಲೇ 15 ಕೆಜಿ ಬಾಕ್ಸ್‌ಗಳ ಲೋಡಿಂಗ್ ಶುರುವಾಗುತ್ತದೆ. ಎಲ್ಲ ಮಂಡಿಗಳ ಗುಮಾಸ್ತರೂ ಒಂದೇ ಹೊತ್ತಿಗೆ ನಮ್ಮ ಆ್ಯಪ್ ತೆರೆದು ಗಾಡಿ ಕೇಳುತ್ತಾರೆ. ಇಡೀ ದಿನದ ಸರಾಸರಿಯನ್ನು ನೋಡಿದರೆ ಡೇಟಾಬೇಸ್ ಅರೆನಿದ್ರೆಯಲ್ಲಿರುವಂತೆ ಕಾಣುತ್ತದೆ. ಹರಾಜಿನ ನಂತರದ ಆ ಎರಡು ತಾಸಿನಲ್ಲಿ ಅದಕ್ಕೆ ಉಸಿರಾಡಲು ಬಿಡುವಿರುವುದಿಲ್ಲ. ಆದ್ದರಿಂದ ಸರಾಸರಿಯ ಗ್ರಾಫ್‌ಗಳನ್ನು ಬದಿಗಿಟ್ಟು ಆ ಎರಡು ತಾಸನ್ನೇ ಅಳತೆಗೆ ತೆಗೆದುಕೊಂಡೆವು.

ಮೊದಲು ಕನೆಕ್ಷನ್

ಬೆಳಗಿನ ಆ ಹೊತ್ತಿನಲ್ಲಿ ಲಾಗ್‌ನಲ್ಲಿ ಸಾಲುಸಾಲಾಗಿ ಕಾಣಿಸುತ್ತಿದ್ದ ದೂರು ಒಂದೇ: 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ', ಅಂದರೆ ಈಗಾಗಲೇ ಕೇಳುವವರು ಮಿತಿಮೀರಿದ್ದಾರೆ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ, ಅಂದರೆ ಆ್ಯಪ್ ಅದರೊಂದಿಗೆ ತೆರೆಯುವ ಪ್ರತಿ ಸಂಪರ್ಕಕ್ಕೂ, ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ, ಮತ್ತು ಮ್ಯಾಕ್ಸ್ ಕನೆಕ್ಷನ್ಸ್ ಎಂಬ ಮಿತಿ ತಾನಾಗಿ 100ಕ್ಕೆ ನಿಂತಿರುತ್ತದೆ. ನಮ್ಮ ಆ್ಯಪ್ ಸರ್ವರ್‌ಗಳು ಹೊರೆ ಹೆಚ್ಚಾದಾಗ ತಾವಾಗಿಯೇ ಸಂಖ್ಯೆಯಲ್ಲಿ ಹೆಚ್ಚುವಂತೆ ಜೋಡಿಸಲ್ಪಟ್ಟಿದ್ದವು. ಪ್ರತಿಯೊಂದೂ ತನ್ನದೇ ಆದ ಕನೆಕ್ಷನ್ ಪೂಲ್ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಹಿಡಿದುಕೊಂಡೇ ಹುಟ್ಟುತ್ತಿದ್ದುದರಿಂದ, ನೆರವಿಗೆಂದು ಬಂದ ಹೊಸ ಸರ್ವರ್‌ಗಳೇ ಡೇಟಾಬೇಸ್‌ನ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿದ್ದವು.

ಮಿತಿಯನ್ನು 500ಕ್ಕೋ 1000ಕ್ಕೋ ಏರಿಸುವುದು ಸುಲಭ, ಆದರೆ ಎಂಟು ಕೋರ್‌ಗಳ ಮೇಲೆ ಸಾವಿರ ಪ್ರೊಸೆಸ್‌ಗಳು ಏಕಕಾಲಕ್ಕೆ ಕೆಲಸ ಕೇಳಿದರೆ ಯಾವುದೂ ಮುಗಿಯುವುದಿಲ್ಲ. ಹಾಗಾಗಿ ನಡುವೆ ಕನೆಕ್ಷನ್‌ಗಳನ್ನು ಸರದಿಯಂತೆ ಹಂಚುವ ಪಿಜಿಬೌನ್ಸರ್ ಎಂಬ ತಂತ್ರಾಂಶ ಇರಿಸಿ, ಅದನ್ನು ಟ್ರಾನ್ಸಾಕ್ಷನ್ ಮೋಡ್‌ಗೆ ಬದಲಿಸಿ, ಡೇಟಾಬೇಸ್ ಕಡೆಗೆ ಅದು ತೆರೆಯಬಹುದಾದ ಕನೆಕ್ಷನ್‌ಗಳನ್ನು 20ಕ್ಕೆ ಸೀಮಿತಗೊಳಿಸಿದೆವು. ಒಂದು ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕಾದ ಇಲ್ಲವೇ ಪೂರ್ತಿ ರದ್ದಾಗಬೇಕಾದ ಕೆಲಸಗಳ ಕಂತೆ, ಮುಗಿದ ಕ್ಷಣವೇ ಆ ಕನೆಕ್ಷನ್ ಮುಂದಿನವರ ಪಾಲಾಗುತ್ತದೆ. ಆ್ಯಪ್ ಕಡೆಯಿಂದ ನೂರಾರು ಕನೆಕ್ಷನ್‌ಗಳು ಬಂದರೂ ಅವು ಕೆಲವು ಮಿಲಿಸೆಕೆಂಡ್ ಸರದಿಯಲ್ಲಿ ಕಾಯುತ್ತವೆ, ಅಷ್ಟೆ.

ಈ ಮೋಡ್‌ಗೆ ಒಂದು ಬೆಲೆಯಿದೆ. ಸೆಷನ್ (ಒಂದು ಕನೆಕ್ಷನ್ ತೆರೆದಿರುವ ಅವಧಿ) ಪೂರ್ತಿ ಉಳಿಯಬೇಕಾದ ಯಾವುದೂ ಇಲ್ಲಿ ಉಳಿಯುವುದಿಲ್ಲ: ಟೆಂಪರರಿ ಟೇಬಲ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, ಸಂದೇಶಕ್ಕಾಗಿ ಕಾಯುವ ಲಿಸನ್, ಸೆಟ್ ಮಾಡಿದ ಸ್ಟೇಟ್‌ಮೆಂಟ್ ಟೈಮ್‌ಔಟ್ ಎಲ್ಲವೂ ನಂಬಲಾಗದವು. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳೂ (ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿಗಳು, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶಗಳು) ಬಹುಕಾಲ ಇದೇ ಪಟ್ಟಿಯಲ್ಲಿದ್ದವು. 2023ರ ಅಕ್ಟೋಬರ್‌ನಲ್ಲಿ ಬಂದ ಪಿಜಿಬೌನ್ಸರ್ 1.21 ಅವುಗಳಿಗೆ ಬೆಂಬಲ ಕೊಟ್ಟಿದ್ದರಿಂದ ನಮ್ಮ ಕೋಡ್‌ನಲ್ಲಿ ಆ ಭಾಗವನ್ನು ಮುಟ್ಟಬೇಕಾಗಲಿಲ್ಲ. ಆರ್ಡರ್ ಬಂದಾಗ ಗುಮಾಸ್ತರ ಪರದೆಯನ್ನು ಎಚ್ಚರಿಸುವ ಲಿಸನ್ ಸೇವೆಯೊಂದು ಮಾತ್ರ 6432ನೇ ಪೋರ್ಟ್‌ನ ಪಿಜಿಬೌನ್ಸರ್ ಅನ್ನು ಬಿಟ್ಟು ನೇರವಾಗಿ ಪೋಸ್ಟ್‌ಗ್ರೆಸ್‌ನ 5432ನೇ ಪೋರ್ಟ್‌ಗೆ ಹೋಗುತ್ತದೆ. ಕಾನ್ಫಿಗರೇಷನ್ ಫೈಲ್‌ನಲ್ಲಿ ಆ ಸಾಲಿನ ಪಕ್ಕ ಕಾರಣವನ್ನೂ ಬರೆದಿಟ್ಟಿದ್ದೇವೆ, ಏಕೆಂದರೆ ಮುಂದೆ ಯಾರಾದರೂ ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಅದನ್ನು 'ಸರಿಪಡಿಸುವುದು' ಖಂಡಿತ.

ದೂರು ನಿಂತಿತು. ನಿಧಾನ ನಿಲ್ಲಲಿಲ್ಲ.

ನಾನೂರು ಸಾಲುಗಳ ಟೇಬಲ್

ಕಂಪನಿಯಲ್ಲಿ ಎಲ್ಲರ ಬೆರಳೂ ಲೆಕ್ಕಪತ್ರ ವಿಭಾಗದ ಬೆಳಗಿನ ವರದಿಯ ಕಡೆಗೇ ತಿರುಗಿತ್ತು. ಅದು ಇಪ್ಪತ್ತು ನಿಮಿಷ ಓಡುತ್ತಿತ್ತು, ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಹಾಕಿ, ಕ್ವೆರಿಗಳನ್ನು ಒಂದು ಸಲಕ್ಕೆ ಹಿಡಿಯುವ ಸಮಯದ ಬದಲು ಒಟ್ಟು ಸಮಯದ ಪ್ರಕಾರ ಜೋಡಿಸಿ ನೋಡಿದಾಗ, ಪಟ್ಟಿಯ ತಲೆಯಲ್ಲಿ ಕುಳಿತಿದ್ದದ್ದು ಬೇರೆಯೇ: ಗಾಡಿಗಳ ಟೇಬಲ್‌ನಲ್ಲಿ ಅಕ್ಷಾಂಶ, ರೇಖಾಂಶ ಮತ್ತು ಸಮಯವನ್ನು ಬದಲಿಸುವ ಒಂದೇ ಸಾಲಿನ ಅಪ್‌ಡೇಟ್.

ಲೆಕ್ಕ ಹೀಗಿದೆ. ಪ್ರತಿ ಡ್ರೈವರ್‌ನ ಫೋನ್ ಐದು ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ಕಳಿಸುತ್ತದೆ. ನಾನೂರು ಗಾಡಿಗಳೆಂದರೆ ಸೆಕೆಂಡಿಗೆ ಇಂಥ 80 ಸಂದೇಶ, ಅಂದರೆ ಪಿಂಗ್. ಪೋಸ್ಟ್‌ಗ್ರೆಸ್‌ಗೆ ಸೆಕೆಂಡಿಗೆ 80 ಸಾಲು ಬರೆಯುವುದು ಒಂದು ಕೆಲಸವೇ ಅಲ್ಲ, ಮತ್ತು ಈ ಅಂಕಿಯನ್ನು ಕಂಡೇ ಬಹಳ ಕಾಲ ಯಾರೂ ಅದರ ಕಡೆ ನೋಡಿರಲಿಲ್ಲ. ಆದರೆ ಪ್ರತಿ ಪಿಂಗ್ ಮೂರು ಬರವಣಿಗೆಗಳನ್ನು ಮಾಡುತ್ತಿತ್ತು: ಓಡಾಡಿದ ದಾರಿಯನ್ನು ಕೂಡಿಡುವ ಇತಿಹಾಸದ ಟೇಬಲ್‌ಗೆ ಒಂದು ಹೊಸ ಸಾಲು, ಗಾಡಿಗಳ ಟೇಬಲ್‌ನಲ್ಲಿ ಒಂದು ಅಪ್‌ಡೇಟ್, ಆರ್ಡರ್‌ನ ಟೇಬಲ್‌ನಲ್ಲಿ ತಲುಪುವ ಅಂದಾಜು ಸಮಯದ ಇನ್ನೊಂದು ಅಪ್‌ಡೇಟ್. ಮೂರಕ್ಕೂ ಬೇರೆ ಬೇರೆ ಕಮಿಟ್, ಅಂದರೆ ಬರೆದದ್ದನ್ನು ಖಾಯಂಗೊಳಿಸುವ ಹೆಜ್ಜೆ.

ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಇದ್ದ ಸಾಲನ್ನು ತಿದ್ದುವುದಲ್ಲ. ಮಂಡಿಯ ಗುಮಾಸ್ತರು ಲೆಕ್ಕದ ಪುಸ್ತಕದಲ್ಲಿ ತಪ್ಪಾದುದನ್ನು ಅಳಿಸದೆ ಗೆರೆ ಎಳೆದು ಕೆಳಗೆ ಹೊಸ ಸಾಲು ಬರೆಯುವಂತೆ, ಅದು ಹಳೆಯ ಆವೃತ್ತಿಯನ್ನು ಹಾಗೆಯೇ ಬಿಟ್ಟು ಹೊಸ ಆವೃತ್ತಿಯನ್ನು ಬರೆಯುತ್ತದೆ. ಯಾರಿಗೂ ಬೇಡವಾದ ಹಳೆಯ ಆವೃತ್ತಿಗಳನ್ನು, ಅಂದರೆ ಡೆಡ್ ಟಪಲ್‌ಗಳನ್ನು, ಆಟೊವ್ಯಾಕ್ಯೂಮ್ ಆಮೇಲೆ ಬಂದು ಗುಡಿಸುತ್ತದೆ. ನಮ್ಮ ಗಾಡಿಗಳ ಟೇಬಲ್‌ನಲ್ಲಿ ಮಾಲೀಕರ ಹೆಸರು, ಇನ್ಶೂರೆನ್ಸ್ ನಂಬರ್, ಎಫ್‌ಸಿ ಮುಗಿಯುವ ದಿನಾಂಕ, ಬ್ಯಾಂಕ್ ಖಾತೆ ಎಂದು ಮೂವತ್ತಕ್ಕೂ ಹೆಚ್ಚು ಕಾಲಂಗಳಿದ್ದವು. ಗಾಡಿ ಹತ್ತು ಮೀಟರ್ ಮುಂದೆ ಹೋದರೂ ಆ ಇಡೀ ಸಾಲು ಮತ್ತೊಮ್ಮೆ ಬರೆಯಲ್ಪಡುತ್ತಿತ್ತು. ಸಾಲದ್ದಕ್ಕೆ, ಹತ್ತಿರದ ಗಾಡಿ ಹುಡುಕಲೆಂದು ಯಾರೋ ಹಿಂದೆ ಜಾಗದ ಮೇಲೆ ಜಿಸ್ಟ್ ಎಂಬ ಬಗೆಯ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕಟ್ಟಿದ್ದರು, ಸಮಯದ ಮೇಲೂ ಇನ್ನೊಂದು ಇಂಡೆಕ್ಸ್ ಇತ್ತು. ಇಂಡೆಕ್ಸ್ ಇರುವ ಕಾಲಂ ಬದಲಾದರೆ ಹೊಸ ಆವೃತ್ತಿಗೆ ಟೇಬಲ್‌ನ ಎಲ್ಲ ಇಂಡೆಕ್ಸ್‌ಗಳಲ್ಲೂ ಹೊಸ ನಮೂದು ಬೇಕಾಗುತ್ತದೆ.

ಇಂಥ ಟೇಬಲ್‌ಗೆ ಆಟೊವ್ಯಾಕ್ಯೂಮ್‌ನ ಸ್ಕೇಲ್ ಫ್ಯಾಕ್ಟರ್ ಇಳಿಸಬೇಕು ಎಂಬುದು ಎಲ್ಲೆಡೆ ಸಿಗುವ ಸಲಹೆ. ನಮ್ಮಲ್ಲಿ ಅದರಿಂದ ಏನೂ ಆಗುವಂತಿರಲಿಲ್ಲ. ಮೂಲ ಸೆಟ್ಟಿಂಗ್‌ನಲ್ಲಿ 50 ಸಾಲು ಮತ್ತು ಸ್ಕೇಲ್ ಫ್ಯಾಕ್ಟರ್‌ನ ಲೆಕ್ಕದಂತೆ ಟೇಬಲ್‌ನ ಶೇ 20ರಷ್ಟು ಸಾಲು, ಎರಡೂ ಸೇರಿದಷ್ಟು ಸತ್ತಾಗ ವ್ಯಾಕ್ಯೂಮ್ ಅರ್ಹವಾಗುತ್ತದೆ. ನಾನೂರು ಸಾಲಿನ ಟೇಬಲ್‌ಗೆ ಅದು 130, ಅಂದರೆ ಎರಡು ಸೆಕೆಂಡಿನೊಳಗಿನ ಮಾತು. ತಡೆ ಬೇರೆ ಕಡೆ ಇತ್ತು. ಆಟೊವ್ಯಾಕ್ಯೂಮ್ ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಎದ್ದು ನೋಡುತ್ತದೆ, ಅಷ್ಟರಲ್ಲಿ 4,800 ಹಳೆಯ ಆವೃತ್ತಿಗಳು ಸೇರಿರುತ್ತವೆ. ಆ ಹೊತ್ತಿಗೆ ಯಾವುದಾದರೂ ಹಳೆಯ ಟ್ರಾನ್ಸಾಕ್ಷನ್ ತೆರೆದೇ ಇದ್ದರೆ, ಅದು ನೋಡಬಹುದಾದ ಆವೃತ್ತಿಗಳನ್ನು ಗುಡಿಸುವ ಅಧಿಕಾರ ವ್ಯಾಕ್ಯೂಮ್‌ಗೆ ಇರುವುದಿಲ್ಲ. ಇಪ್ಪತ್ತು ನಿಮಿಷದ ಲೆಕ್ಕಪತ್ರದ ವರದಿ ಓಡುವಷ್ಟು ಹೊತ್ತಿನಲ್ಲಿ 96,000 ಆವೃತ್ತಿಗಳು ಬೆಳೆಯುತ್ತಿದ್ದವು, ಒಂದೂ ಹೋಗುತ್ತಿರಲಿಲ್ಲ. ಹೀಗೆ ಲೆಕ್ಕಪತ್ರದವರು ಪೂರ್ತಿ ನಿರಪರಾಧಿಗಳೂ ಆಗಿರಲಿಲ್ಲ. ಅವರ ಕ್ವೆರಿ ತಾನು ನಿಧಾನವಾಗಿ ಓಡಿದ್ದರಿಂದಲ್ಲ, ತೆರೆದುಕೊಂಡು ಕುಳಿತಿದ್ದರಿಂದ ತೊಂದರೆ ಕೊಡುತ್ತಿತ್ತು.

ಪರಿಹಾರವಾಗಿ ಗಾಡಿಯ ವಿವರ ಮತ್ತು ಗಾಡಿಯ ಈಗಿನ ಜಾಗ ಎರಡನ್ನೂ ಬೇರ್ಪಡಿಸಿದೆವು. ಹೊಸ ಟೇಬಲ್‌ನಲ್ಲಿ ಗಾಡಿಯ ಐಡಿ, ಅಕ್ಷಾಂಶ, ರೇಖಾಂಶ, ವೇಗ, ಫೋನ್ ದಾಖಲಿಸಿದ ಸಮಯ ಇಷ್ಟೇ. ಪ್ರೈಮರಿ ಕೀ (ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕಾಲಂ) ಬಿಟ್ಟು ಯಾವ ಇಂಡೆಕ್ಸ್ ಕೂಡ ಇಲ್ಲ. ಫಿಲ್‌ಫ್ಯಾಕ್ಟರ್ 50: ಅಂದರೆ 8 ಕೆಬಿಯ ಪ್ರತಿ ಪುಟದಲ್ಲೂ ಮೊದಲೇ ಅರ್ಧ ಜಾಗ ಖಾಲಿ. ಇಂಡೆಕ್ಸ್ ಇರುವ ಕಾಲಂ ಬದಲಾಗದೆ, ಹೊಸ ಆವೃತ್ತಿ ಅದೇ ಪುಟದಲ್ಲಿ ಹಿಡಿಸಿದರೆ ಪೋಸ್ಟ್‌ಗ್ರೆಸ್ ಅದನ್ನು ಹಾಟ್ ಅಪ್‌ಡೇಟ್ ಎಂದು ಪರಿಗಣಿಸುತ್ತದೆ. ಇಂಡೆಕ್ಸ್‌ಗಳನ್ನು ಮುಟ್ಟುವುದಿಲ್ಲ, ಮತ್ತು ಆ ಪುಟವನ್ನು ಮುಂದೆ ಓದುವವರೋ ಬರೆಯುವವರೋ ವ್ಯಾಕ್ಯೂಮ್‌ಗೆ ಕಾಯದೆ ಅಲ್ಲಲ್ಲೇ ಹಳೆಯದನ್ನು ತೆರವುಗೊಳಿಸಬಲ್ಲರು. ಒಂದು ಸಾಲು ಸುಮಾರು 70 ಬೈಟ್ ಆಗುವುದರಿಂದ ನಾನೂರು ಗಾಡಿಗಳು ಏಳೆಂಟು ಪುಟಗಳಲ್ಲಿ ಮುಗಿಯುತ್ತವೆ. ಹತ್ತಿರದ ಗಾಡಿ ಹುಡುಕುವ ಕ್ವೆರಿ ಈಗ ಆ ಏಳೆಂಟು ಪುಟಗಳನ್ನು ಪೂರ್ತಿ ಓದಿ, ಎಲ್ಲ ದೂರಗಳನ್ನೂ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ನಾನೂರು ಸಾಲುಗಳಿಗೆ ಭೌಗೋಳಿಕ ಇಂಡೆಕ್ಸ್ ಬೇಕಿರಲೇ ಇಲ್ಲ. ಅಪ್‌ಡೇಟ್‌ಗಳಲ್ಲಿ ಹಾಟ್ ಆದವು ಎಷ್ಟು ಎಂಬುದನ್ನು ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್ ಎಂಬ ವ್ಯೂ ತೋರಿಸುತ್ತದೆ. ಬದಲಾವಣೆಯ ಮೊದಲು ಅದು ಸೊನ್ನೆಗೆ ಅಂಟಿಕೊಂಡಿತ್ತು, ಈಗ ಬಹುಪಾಲು ಅಪ್‌ಡೇಟ್‌ಗಳು ಅದರಲ್ಲಿ ಲೆಕ್ಕವಾಗುತ್ತವೆ.

ಆರ್ಡರ್‌ನ ಅಂದಾಜು ಸಮಯವನ್ನು ಬರೆದಿಡುವುದನ್ನೇ ಕೈಬಿಟ್ಟೆವು. ಗ್ರಾಹಕರು ಪರದೆ ತೆರೆದಾಗ ಈಗಿನ ಜಾಗದಿಂದ ಲೆಕ್ಕ ಹಾಕಿದರೆ ಸಾಕು; ಯಾರೂ ನೋಡದ ಅಂದಾಜನ್ನು ಐದು ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಬರೆಯುವುದರಲ್ಲಿ ಅರ್ಥವಿರಲಿಲ್ಲ.

ಸಿಗ್ನಲ್ ಇಲ್ಲದ ಘಾಟಿ ಮತ್ತು ತಡವಾಗಿ ಬರುವ ಪಿಂಗ್

ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಕಡೆ ಹೋಗುವ ಗಾಡಿಗಳು ಪಲಮನೇರಿನ ಆಚೆ ಮೊಗಿಲಿ ಘಾಟಿಯಲ್ಲಿ ಇಳಿಯುವಾಗ ಸಿಗ್ನಲ್ ಕೈಕೊಡುವುದುಂಟು. ಆಗ ಫೋನ್ ತನ್ನ ಪಿಂಗ್‌ಗಳನ್ನು ಒಳಗೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕ ಮೇಲೆ ಒಟ್ಟಿಗೆ ಸುರಿಯುತ್ತದೆ. ಉತ್ತರ ಬರುವ ಮೊದಲೇ ಮತ್ತೆ ಸಿಗ್ನಲ್ ಹೋದರೆ ಅದೇ ಕಂತೆಯನ್ನು ಇನ್ನೊಮ್ಮೆ ಕಳಿಸುತ್ತದೆ. ಹೀಗೆ ಪಿಂಗ್‌ಗಳು ತಡವಾಗಿಯೂ, ಹಿಂದುಮುಂದಾಗಿಯೂ, ಎರಡೆರಡು ಸಲವೂ ಬರುತ್ತವೆ. ಮಂಡಿಯೊಂದರಿಂದ ಬಂದ ಫೋನ್ ಕರೆ ಇದರ ಫಲವನ್ನು ನಮಗಿಂತ ಚೆನ್ನಾಗಿ ಹೇಳಿತ್ತು: "ಸರ್, ಗಾಡಿ ಇನ್ನೂ ಬೇತಮಂಗಲದ ಹತ್ರಾನೇ ನಿಂತಿದೆ ಅಂತ ತೋರಿಸ್ತಿದೆ. ಡ್ರೈವರ್ ನೋಡಿದ್ರೆ ಇಲ್ಲೇ ನನ್ನ ಪಕ್ಕದಲ್ಲಿ ಟೀ ಕುಡೀತಾ ಇದ್ದಾನೆ." ತಡವಾಗಿ ಬಂದ ಹಳೆಯ ಪಿಂಗ್, ಹೊಸ ಜಾಗದ ಮೇಲೆ ಹಳೆಯ ಜಾಗವನ್ನು ಬರೆದಿತ್ತು. ಈಗ ಅಪ್‌ಡೇಟ್‌ನಲ್ಲೇ ಒಂದು ಷರತ್ತಿದೆ: ಬಂದ ಪಿಂಗ್‌ನ ಸಮಯ ಟೇಬಲ್‌ನಲ್ಲಿರುವ ಸಮಯಕ್ಕಿಂತ ಮುಂದಿದ್ದರೆ ಮಾತ್ರ ಬದಲಿಸು.

ಇತಿಹಾಸದ ಟೇಬಲ್ ಇನ್ನೂ ದೊಡ್ಡ ಕೆಲಸ. ಗಾಡಿಯೊಂದು ದಿನಕ್ಕೆ ಹತ್ತು ತಾಸು ಓಡಿದರೆ 7,200 ಪಿಂಗ್. ನಾನೂರು ಗಾಡಿಗಳಿಗೆ ದಿನಕ್ಕೆ 28,80,000 ಸಾಲು. ಟೇಬಲ್‌ನ ಐಡಿ ಸಾಮಾನ್ಯ ಇಂಟಿಜರ್ ಆಗಿತ್ತು, ಅದರ ಗರಿಷ್ಠ ಬೆಲೆ 2,14,74,83,647. ಈ ವೇಗದಲ್ಲಿ ಸೊನ್ನೆಯಿಂದ ಹೊರಟರೂ ಸುಮಾರು 745 ದಿನಗಳಲ್ಲಿ ಸಂಖ್ಯೆಗಳು ಮುಗಿದು ಇನ್ಸರ್ಟ್‌ಗಳೆಲ್ಲ ವಿಫಲವಾಗತೊಡಗುತ್ತವೆ. ಐಡಿಯನ್ನು ಬಿಗ್‌ಇಂಟ್‌ಗೆ ಬದಲಿಸಿದರೆ ಇಡೀ ಟೇಬಲ್ ಮರುಬರವಣಿಗೆ ಆಗುತ್ತದೆ. ಆದರೆ ಆ ಐಡಿಯನ್ನು ಯಾವ ಕೋಡ್ ಕೂಡ ಬಳಸುತ್ತಿರಲಿಲ್ಲ ಎಂಬುದು ಹುಡುಕಿದಾಗ ತಿಳಿಯಿತು. ಹಾಗಾಗಿ ಇತಿಹಾಸಕ್ಕೆ ಹೊಸ ಟೇಬಲ್ ಕಟ್ಟಿದೆವು, ಅದರಲ್ಲಿ ಐಡಿಯೇ ಇಲ್ಲ. ಗಾಡಿ ಮತ್ತು ದಾಖಲಾದ ಸಮಯ ಎರಡೂ ಸೇರಿ ಪ್ರೈಮರಿ ಕೀ.

ಈ ಟೇಬಲ್ ಅನ್ನು ಒಡೆದು ದಿನಕ್ಕೊಂದು ತುಂಡು, ಅಂದರೆ ಪಾರ್ಟಿಷನ್, ಮಾಡುವುದೆಂದು ತೀರ್ಮಾನವಾಯಿತು. ಯಾವ ಸಮಯದ ಮೇಲೆ ಎಂಬುದರಲ್ಲಿ ಚರ್ಚೆ ನಡೆಯಿತು. ಸರ್ವರ್‌ಗೆ ಬಂದ ಸಮಯದ ಮೇಲೆ ಒಡೆದರೆ ಎಲ್ಲ ಬರವಣಿಗೆಯೂ ಇಂದಿನ ಪಾರ್ಟಿಷನ್‌ಗೇ ಹೋಗುತ್ತದೆ, ಹಳೆಯವು ನಿಶ್ಚಲವಾಗಿರುತ್ತವೆ, ಇದು ಆಕರ್ಷಕ. ಆದರೆ ಪಾರ್ಟಿಷನ್ ಆದ ಟೇಬಲ್‌ನ ಪ್ರತಿ ಯೂನೀಕ್ ಕೀಯಲ್ಲೂ ಪಾರ್ಟಿಷನ್ ಕಾಲಂ ಸೇರಿರಲೇಬೇಕು ಎಂಬುದು ಪೋಸ್ಟ್‌ಗ್ರೆಸ್‌ನ ನಿಯಮ. ಬಂದ ಸಮಯವನ್ನು ಕೀಯಲ್ಲಿ ಸೇರಿಸಿದರೆ ಎರಡನೇ ಸಲ ಬಂದ ಅದೇ ಪಿಂಗ್ ಬೇರೆ ಕೀ ಹೊತ್ತು ಬರುತ್ತದೆ, ನಕಲನ್ನು ತಡೆಯುವುದು ಅಸಾಧ್ಯವಾಗುತ್ತದೆ. ಫೋನ್ ದಾಖಲಿಸಿದ ಸಮಯದ ಮೇಲೆ ಒಡೆದರೆ ಆ ಕೀ ತಾನಾಗಿಯೇ ನಕಲನ್ನು ಗುರುತಿಸುತ್ತದೆ. 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' ಎಂದು ಬರೆದರೆ ಎರಡನೇ ಪ್ರತಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಫೋನ್‌ನ ಸಮಯವನ್ನೇ ಆರಿಸಿದೆವು. ನಿನ್ನೆಯ ಪಾರ್ಟಿಷನ್‌ಗೆ ಇಂದು ಒಂದಿಷ್ಟು ಸಾಲುಗಳು ಬಂದು ಬಿದ್ದರೆ ನಷ್ಟವೇನಿಲ್ಲ.

ಫೋನ್‌ನ ಗಡಿಯಾರವನ್ನು ನಂಬುವುದರಲ್ಲಿ ಅಪಾಯವಿದೆ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಎದ್ದ ಹಳೆಯ ಫೋನ್‌ಗಳು 1970ರ ಜನವರಿಯಿಂದ ಪಿಂಗ್ ಕಳಿಸಿದ ಉದಾಹರಣೆಗಳಿವೆ, ಕೈಯಾರೆ ದಿನಾಂಕ ಮುಂದೂಡಿಕೊಂಡವರೂ ಇದ್ದಾರೆ. ಇಂಥವಕ್ಕೆಂದು ಡೀಫಾಲ್ಟ್ ಪಾರ್ಟಿಷನ್ ಇಡಬಹುದಿತ್ತು; ಇಡಲಿಲ್ಲ. ಡೀಫಾಲ್ಟ್ ಪಾರ್ಟಿಷನ್ ಇದ್ದರೆ ಹೊಸ ಪಾರ್ಟಿಷನ್ ಸೇರಿಸುವ ಪ್ರತಿ ಸಲವೂ ಅದಕ್ಕೆ ಸೇರಬೇಕಾದ ಸಾಲು ಡೀಫಾಲ್ಟ್‌ನಲ್ಲಿ ಇದೆಯೇ ಎಂದು ಪೋಸ್ಟ್‌ಗ್ರೆಸ್ ಅದನ್ನು ಲಾಕ್ ಮಾಡಿ ಪರಿಶೀಲಿಸುತ್ತದೆ, ಜೊತೆಗೆ ಹಳೆಯ ಪಾರ್ಟಿಷನ್ ಅನ್ನು ಕನ್‌ಕರೆಂಟ್ ಆಗಿ, ಅಂದರೆ ಉಳಿದ ಕೆಲಸವನ್ನು ನಿಲ್ಲಿಸದೆ, ಬೇರ್ಪಡಿಸುವ ಸೌಲಭ್ಯವೂ ಕೈತಪ್ಪುತ್ತದೆ. ಬದಲಿಗೆ ಆ್ಯಪ್ ಸರ್ವರ್‌ನಲ್ಲೇ ಒಂದು ಜರಡಿ ಇದೆ: ಸರ್ವರ್‌ನ ಸಮಯಕ್ಕಿಂತ ಎರಡು ನಿಮಿಷ ಮುಂದಿರುವ ಅಥವಾ ಮೂರು ದಿನಕ್ಕಿಂತ ಹಿಂದಿನ ಪಿಂಗ್‌ಗಳು ಪ್ರತ್ಯೇಕವಾದ ಒಂದು ಸಾಮಾನ್ಯ ಟೇಬಲ್‌ಗೆ ಹೋಗುತ್ತವೆ. ಯಾವ ಫೋನ್‌ನ ಗಡಿಯಾರ ಕೆಟ್ಟಿದೆ ಎಂಬುದನ್ನು ಹುಡುಕಲು ಆ ಟೇಬಲ್ ಚೆನ್ನಾಗಿ ನೆರವಾಗುತ್ತಿದೆ.

ಒಂದು ಸಣ್ಣ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಸರ್ವರ್‌ನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ಮತ್ತು ಪಾರ್ಟಿಷನ್‌ನ ಗಡಿಯಲ್ಲಿ ಬರಿಯ ದಿನಾಂಕ ಕೊಟ್ಟರೆ ಅದು ಆಗಿನ ಸೆಷನ್‌ನ ಟೈಮ್‌ಝೋನ್‌ನಲ್ಲಿ ಅರ್ಥವಾಗುತ್ತದೆ. ಯುಟಿಸಿಯ ನಡುರಾತ್ರಿ ನಮಗೆ ಬೆಳಗಿನ 5:30, ಅಂದರೆ ಯಾರ್ಡ್‌ನ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿರುವ ಹೊತ್ತು. ಒಂದು ದಿನದ ಕೆಲಸ ಎರಡು ಪಾರ್ಟಿಷನ್‌ಗಳಿಗೆ ಹಂಚಿಹೋಗದಂತೆ ಪ್ರತಿ ಗಡಿಯನ್ನೂ +05:30 ಎಂದು ಸ್ಪಷ್ಟವಾಗಿ ಸೇರಿಸಿಯೇ ಬರೆಯುತ್ತೇವೆ. ಮುಂದಿನ ಹದಿನೈದು ದಿನಗಳ ಪಾರ್ಟಿಷನ್‌ಗಳು ಸದಾ ಸಿದ್ಧವಾಗಿರುತ್ತವೆ. ಏಳಕ್ಕಿಂತ ಕಡಿಮೆಯಾದರೆ ಫೋನ್‌ಗೆ ಎಚ್ಚರಿಕೆ ಬರುತ್ತದೆ.

ತೊಂಬತ್ತು ದಿನ ದಾಟಿದ ಪಾರ್ಟಿಷನ್ ಅನ್ನು ಕಾಪಿ ಆದೇಶದಿಂದ ಫೈಲ್‌ಗೆ ಇಳಿಸಿ, ಜಿಝಿಪ್ ಮಾಡಿ, ಆಬ್ಜೆಕ್ಟ್ ಸ್ಟೋರೇಜ್‌ಗೆ ಏರಿಸಿ, ಅಲ್ಲಿನ ಸಾಲುಗಳ ಎಣಿಕೆ ತಾಳೆಯಾದ ಮೇಲೆ ಬೇರ್ಪಡಿಸಿ ಡ್ರಾಪ್ ಮಾಡುತ್ತೇವೆ. 28 ಲಕ್ಷ ಸಾಲುಗಳನ್ನು ಡಿಲೀಟ್ ಮಾಡಿದರೆ ಅಷ್ಟೂ ಡೆಡ್ ಟಪಲ್‌ಗಳಾಗಿ ವ್ಯಾಕ್ಯೂಮ್‌ಗಾಗಿ ಕಾಯುತ್ತವೆ. ಡ್ರಾಪ್ ಮಾಡಿದರೆ ಫೈಲ್ ಹೋಗುತ್ತದೆ, ಅಷ್ಟಕ್ಕೆ ಮುಗಿಯಿತು. ಪ್ರತಿಯಾಗಿ ಕ್ವೆರಿ ಬರೆಯುವವರು ಸಮಯದ ಷರತ್ತನ್ನು ಮರೆಯುವಂತಿಲ್ಲ. 'ಈ ಗಾಡಿಯ ಕೊನೆಯ ಪಿಂಗ್' ಎಂದು ದಿನಾಂಕವಿಲ್ಲದೆ ಕೇಳಿದರೆ ತೊಂಬತ್ತೂ ಪಾರ್ಟಿಷನ್‌ಗಳ ಇಂಡೆಕ್ಸ್ ತೆರೆಯಲ್ಪಡುತ್ತದೆ. ಅದಕ್ಕೆಂದೇ ಈಗಿನ ಜಾಗದ ಸಣ್ಣ ಟೇಬಲ್ ಇದೆ.

ಹಳೆಯ ಇತಿಹಾಸವನ್ನು ಹೊಸ ಟೇಬಲ್‌ಗೆ ನಕಲು ಮಾಡಲಿಲ್ಲ. ಹಳೆಯ ಟೇಬಲ್ ಅನ್ನು ಹಾಗೆಯೇ ಓದಲು ಮಾತ್ರ ಬಿಟ್ಟು, ಎರಡನ್ನೂ ಯೂನಿಯನ್ ಆಲ್ ಮೂಲಕ ಸೇರಿಸುವ ವ್ಯೂ ಒಂದನ್ನು ಕಟ್ಟಿ, ತೊಂಬತ್ತು ದಿನ ಕಾದು, ಆರ್ಕೈವ್‌ಗೆ ಇಳಿಸಿ ಡ್ರಾಪ್ ಮಾಡಿದೆವು. ಹೆಸರು ಬದಲಿಸುವ ಕ್ಷಣದಲ್ಲಿ ಮಾತ್ರ ಎಚ್ಚರ ಬೇಕಾಯಿತು: ಆಲ್ಟರ್ ಟೇಬಲ್ ಕೇಳುವ ಲಾಕ್ ಯಾವುದೋ ದೀರ್ಘ ಸೆಲೆಕ್ಟ್‌ನ ಹಿಂದೆ ಕಾಯುತ್ತ ನಿಂತರೆ, ಅದರ ಹಿಂದೆ ಬರುವ ಎಲ್ಲ ಕ್ವೆರಿಗಳೂ ಸಾಲಾಗಿ ನಿಲ್ಲುತ್ತವೆ. ಲಾಕ್ ಟೈಮ್‌ಔಟ್ ಎರಡು ಸೆಕೆಂಡ್ ಎಂದು ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುವ ಸ್ಕ್ರಿಪ್ಟ್ ಅನ್ನು ನಡುರಾತ್ರಿಯ ನಂತರ ಓಡಿಸಿದೆವು.

ಕೊನೆಯದಾಗಿ ಕಮಿಟ್‌ಗಳ ಸಂಖ್ಯೆ. ಫೋನ್ ಈಗ ಐದು ಸೆಕೆಂಡಿಗೊಮ್ಮೆ ದಾಖಲಿಸುತ್ತದೆ, ಆದರೆ ನಿಮಿಷಕ್ಕೊಮ್ಮೆ ಹನ್ನೆರಡನ್ನೂ ಒಟ್ಟಿಗೆ ಕಳಿಸುತ್ತದೆ. ಹನ್ನೆರಡೂ ಒಂದೇ ಇನ್ಸರ್ಟ್‌ನಲ್ಲಿ ಹೋಗುತ್ತವೆ. ಸೆಕೆಂಡಿಗೆ 80 ಇದ್ದದ್ದು ಸುಮಾರು ಏಳಕ್ಕೆ ಇಳಿಯಿತು. ಗ್ರಾಹಕರ ಅಂಗಡಿ ಸಮೀಪಿಸಿದಾಗ ಮಾತ್ರ ಫೋನ್ ಪ್ರತಿ ಪಿಂಗ್ ಅನ್ನೂ ಆಗಲೇ ಕಳಿಸುತ್ತದೆ, ಏಕೆಂದರೆ ನಕ್ಷೆಯನ್ನು ಯಾರಾದರೂ ನೋಡುವುದು ಆಗ. ಜೊತೆಗೆ ಪಿಂಗ್‌ನ ಟ್ರಾನ್ಸಾಕ್ಷನ್‌ಗಳಲ್ಲಿ ಮಾತ್ರ ಸಿಂಕ್ರೊನಸ್ ಕಮಿಟ್ (ಡಿಸ್ಕ್‌ಗೆ ಬರೆದ ಮೇಲೆಯೇ ಉತ್ತರ ಕೊಡುವ ಕ್ರಮ) ಅನ್ನು ಆಫ್ ಮಾಡಿದೆವು. ಸರ್ವರ್ ಹಠಾತ್ತನೆ ಬಿದ್ದರೆ ಕೊನೆಯ ಅರ್ಧ ಸೆಕೆಂಡಿನಷ್ಟು ಪಿಂಗ್‌ಗಳು ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಈ ಸೆಟ್ಟಿಂಗ್ ಅನ್ನು ಒಂದೊಂದು ಟ್ರಾನ್ಸಾಕ್ಷನ್‌ಗೂ ಬೇರೆಯಾಗಿ ಇಡಬಹುದೆಂಬುದೇ ಇದರ ಸೊಗಸು. ಡ್ರೈವರ್ ಅಂಗಡಿಯಲ್ಲಿ ನಗದು ಪಡೆದು 'ವಸೂಲಾಯಿತು' ಎಂದು ಒತ್ತಿದ ನಮೂದು ಮಾತ್ರ ರೆಪ್ಲಿಕಾಕ್ಕೂ, ಅಂದರೆ ಬೇರೆ ಯಂತ್ರದಲ್ಲಿರುವ ಡೇಟಾಬೇಸ್‌ನ ಪ್ರತಿಗೂ, ತಲುಪಿದ ಮೇಲೆಯೇ ಕಮಿಟ್ ಆಯಿತೆಂದು ಲೆಕ್ಕವಾಗುತ್ತದೆ.

ಎರಡು ರೆಪ್ಲಿಕಾ, ಎರಡು ಸ್ವಭಾವ

ವರದಿಗಳನ್ನು ರೆಪ್ಲಿಕಾಕ್ಕೆ ಸಾಗಿಸಿದ ಮೊದಲ ಬೆಳಿಗ್ಗೆಯೇ ಅವು ಅರ್ಧಕ್ಕೆ ನಿಂತವು. ಪ್ರೈಮರಿಯಲ್ಲಿ, ಅಂದರೆ ಮೂಲ ಡೇಟಾಬೇಸ್‌ನಲ್ಲಿ, ವ್ಯಾಕ್ಯೂಮ್ ಗುಡಿಸಿದ ಸಾಲುಗಳನ್ನು ರೆಪ್ಲಿಕಾದಲ್ಲೂ ಗುಡಿಸಬೇಕಾಗುತ್ತದೆ. ಅಲ್ಲಿ ಓಡುತ್ತಿರುವ ಕ್ವೆರಿಗೆ ಅವು ಬೇಕಿದ್ದರೆ ಪೋಸ್ಟ್‌ಗ್ರೆಸ್ ಮೂಲ ಸೆಟ್ಟಿಂಗ್‌ನಂತೆ 30 ಸೆಕೆಂಡಿನವರೆಗೆ ತಾಳಿ, ಆಮೇಲೆ ಕ್ವೆರಿಯನ್ನು ರದ್ದುಮಾಡುತ್ತದೆ. ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ರದ್ದಾಗುವುದು ನಿಲ್ಲುತ್ತದೆ, ಆದರೆ ಆಗ ಪ್ರೈಮರಿಯೇ ರೆಪ್ಲಿಕಾದ ಕ್ವೆರಿಗಾಗಿ ಗುಡಿಸುವುದನ್ನು ತಡೆಹಿಡಿಯುತ್ತದೆ. ಮುಂಬಾಗಿಲಿನಿಂದ ಹೊರಗೆ ಕಳಿಸಿದ ತೊಂದರೆ ಹಿತ್ತಲಿನಿಂದ ಒಳಗೆ ಬಂದಂತೆ.

ಆದ್ದರಿಂದ ಎರಡು ರೆಪ್ಲಿಕಾ ಇಟ್ಟೆವು. ಒಂದು ಸದಾ ಪ್ರೈಮರಿಯ ಬೆನ್ನಿಗೇ ಇರಬೇಕು, ಪ್ರೈಮರಿ ಬಿದ್ದರೆ ಅದೇ ಅದರ ಜಾಗಕ್ಕೆ ಬರುತ್ತದೆ. ಅದರ ಮೇಲೆ ಯಾರೂ ವರದಿ ಓಡಿಸುವಂತಿಲ್ಲ. ಇನ್ನೊಂದು ಲೆಕ್ಕಪತ್ರದವರದು, ಅಲ್ಲಿ ತಾಳುವ ಮಿತಿಯನ್ನು 30 ನಿಮಿಷಕ್ಕೆ ಏರಿಸಿದ್ದೇವೆ, ಫೀಡ್‌ಬ್ಯಾಕ್ ಆಫ್. ವರದಿ ಓಡುವಾಗ ಆ ರೆಪ್ಲಿಕಾ ಅರ್ಧ ತಾಸು ಹಿಂದೆ ಬೀಳಬಹುದು. ನಿನ್ನೆಯ ಲೆಕ್ಕ ನೋಡುವವರಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ. ರೆಪ್ಲಿಕಾ ಸಂಪರ್ಕ ಕಳೆದುಕೊಂಡರೆ ಅದಕ್ಕೆ ಕಾಯ್ದಿರಿಸಿದ ಸ್ಲಾಟ್‌ಗಾಗಿ ಪ್ರೈಮರಿ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯನ್ನೂ ದಾಖಲಿಸುವ ಫೈಲ್‌ಗಳನ್ನು) ಡಿಸ್ಕ್ ತುಂಬುವವರೆಗೂ ಕೂಡಿಡಬಲ್ಲದು. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೊಂದು ಗರಿಷ್ಠ ಮಿತಿ ಹಾಕಲು ಸಾಧ್ಯವಿದೆ, ಹಾಕಿದ್ದೇವೆ.

ಆ್ಯಪ್‌ನ ಓದುವ ಕ್ವೆರಿಗಳನ್ನೆಲ್ಲ ರೆಪ್ಲಿಕಾಕ್ಕೆ ತಿರುಗಿಸುವ ಆಸೆಯನ್ನು ತಡೆದುಕೊಂಡೆವು. ಡ್ರೈವರ್ 'ಡೆಲಿವರಿ ಆಯಿತು' ಎಂದು ಒತ್ತಿ ಮುಂದಿನ ಪರದೆಗೆ ಹೋದಾಗ ಅದೇ ಆರ್ಡರ್ ಇನ್ನೂ ಬಾಕಿ ಎಂದು ಕಂಡರೆ ಅವನು ಮತ್ತೊಮ್ಮೆ ಒತ್ತುತ್ತಾನೆ. ತಾನು ಬರೆದದ್ದನ್ನು ತಾನೇ ಓದುವ ಪರದೆಗಳೆಲ್ಲ ಪ್ರೈಮರಿಯನ್ನೇ ಕೇಳುತ್ತವೆ.

ಉಳಿದ ಸೆಟ್ಟಿಂಗ್‌ಗಳನ್ನು ಒಂದು ಉಸಿರಿನಲ್ಲಿ ಹೇಳಬಹುದು: ಶೇರ್ಡ್ ಬಫರ್ಸ್ ಮೂಲ 128 ಎಂಬಿಯಿಂದ ಮೆಮೊರಿಯ ಕಾಲುಭಾಗವಾದ 8 ಜಿಬಿಗೆ, ರ್‍ಯಾಂಡಮ್ ಪೇಜ್ ಕಾಸ್ಟ್ 4ರಿಂದ ಎಸ್‌ಎಸ್‌ಡಿಗೆ ಒಗ್ಗುವ 1.1ಕ್ಕೆ, ಚೆಕ್‌ಪಾಯಿಂಟ್ ಅವಧಿ 5 ನಿಮಿಷದಿಂದ 15ಕ್ಕೆ, ಮ್ಯಾಕ್ಸ್ ವಾಲ್ ಸೈಜ್ 1 ಜಿಬಿಯಿಂದ 16ಕ್ಕೆ, ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕುಳಿತ ಕನೆಕ್ಷನ್‌ಗೆ ಒಂದು ನಿಮಿಷದ ಗಡುವು. ವಾರಕ್ಕೊಮ್ಮೆ ಬೇಸ್ ಬ್ಯಾಕಪ್, ನಡುವೆ ವಾಲ್ ಆರ್ಕೈವ್. ತಿಂಗಳಿಗೊಮ್ಮೆ ಬೇರೆ ಯಂತ್ರದ ಮೇಲೆ ಆ ಬ್ಯಾಕಪ್ ಅನ್ನು ನಿಜವಾಗಿ ಎಬ್ಬಿಸಿ, ಹಿಂದಿನ ದಿನದ ನಗದು ವಸೂಲಿಯ ಮೊತ್ತವನ್ನು ಲೆಕ್ಕಪತ್ರದವರ ಪುಸ್ತಕದೊಂದಿಗೆ ತಾಳೆ ನೋಡುತ್ತೇವೆ.

ತಾಲ್ಲೂಕುವಾರು ಒಡೆಯುವ ಸಲಹೆಯ ಬಗ್ಗೆ. ಶ್ರೀನಿವಾಸಪುರದಲ್ಲಿ ಮಾವು ತುಂಬಿದ ಗಾಡಿ ಕೋಲಾರದಲ್ಲಿ ಪಾರ್ಸೆಲ್ ಸೇರಿಸಿಕೊಂಡು ಮಾಲೂರಿನಲ್ಲಿ ಇಳಿಸುತ್ತದೆ; ಅದರ ಡ್ರೈವರ್ ಬಂಗಾರಪೇಟೆಯವನು, ಗಾಡಿಯ ಮಾಲೀಕರು ಕೆಜಿಎಫ್‌ನವರು. ಯಾವ ಗೆರೆ ಎಳೆದರೂ ಒಂದು ಟ್ರಿಪ್‌ನ ಲೆಕ್ಕ ಮೂರು ಡೇಟಾಬೇಸ್‌ಗಳಿಗೆ ಹರಡುತ್ತದೆ, ಇಂದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮುಗಿಯುವ ಹಣದ ಹೊಂದಾಣಿಕೆಗೆ ನಾಳೆ ಬೇರೆಯೇ ಒಂದು ವ್ಯವಸ್ಥೆ ಕಟ್ಟಬೇಕಾಗುತ್ತದೆ. ಪಿಂಗ್‌ಗಳನ್ನು ಬದಿಗೆ ಸರಿಸಿದ ಮೇಲೆ ಉಳಿದ ಎಲ್ಲ ಟೇಬಲ್‌ಗಳೂ ಸೇರಿ ಮೆಮೊರಿಯಲ್ಲೇ ಹಿಡಿಸುತ್ತವೆ. ಗಾಡಿಗಳು ಇನ್ನಷ್ಟು ಹೆಚ್ಚಿದರೆ ಮೊದಲು ಹೊರಗೆ ಹೋಗುವುದು ಪಿಂಗ್‌ನ ಇತಿಹಾಸ. ಅದು ಯಾವ ಟೇಬಲ್‌ಗೂ ಫಾರಿನ್ ಕೀಯಿಂದ (ಒಂದು ಟೇಬಲ್ ಇನ್ನೊಂದನ್ನು ಉಲ್ಲೇಖಿಸುವ ಕೊಂಡಿಯಿಂದ) ಕಟ್ಟಿಕೊಂಡಿಲ್ಲವಾದ್ದರಿಂದ ಬೇರೆ ಯಂತ್ರಕ್ಕೆ ಸಾಗಿಸುವುದು ಸರಳ.

ಬಾಕಿ ಇರುವುದು ಆರ್ಡರ್‌ಗಳ ಟೇಬಲ್. ಅದರ ಐಡಿಯೂ ಇಂಟಿಜರ್ ಆಗಿಯೇ ಇದೆ, ಮತ್ತು ಅದನ್ನು ಹಿಡಿದುಕೊಂಡ ಫಾರಿನ್ ಕೀಗಳು ಹಲವಿವೆ. ಹೊಸ ಬಿಗ್‌ಇಂಟ್ ಕಾಲಂ ಒಂದನ್ನು ಸೇರಿಸಿ, ಟ್ರಿಗ್ಗರ್‌ನಿಂದ ಹೊಸ ಸಾಲುಗಳನ್ನು ತುಂಬುತ್ತ, ಹಳೆಯವನ್ನು ರಾತ್ರಿಯ ಹೊತ್ತು ಸಣ್ಣ ಸಣ್ಣ ಕಂತುಗಳಲ್ಲಿ ತುಂಬಿ, ಇಂಡೆಕ್ಸ್ ಅನ್ನು ಕನ್‌ಕರೆಂಟ್ ಆಗಿ ಕಟ್ಟಿ, ಕೊನೆಗೆ ಹೆಸರು ಅದಲುಬದಲು ಮಾಡುವುದು ಯೋಜನೆ. ಆರ್ಡರ್‌ಗಳು ಪಿಂಗ್‌ನ ವೇಗದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅವಸರವೇನಿಲ್ಲ. ಮೇ ತಿಂಗಳಿನಿಂದ ಶ್ರೀನಿವಾಸಪುರದ ಮಾವಿನ ಗಾಡಿಗಳು ಟೊಮೆಟೊ ಗಾಡಿಗಳ ಜೊತೆ ಸೇರುತ್ತವೆ; ಆ ಸುಗ್ಗಿ ಮುಗಿಯುವವರೆಗೆ ಈ ಟೇಬಲ್ ಅನ್ನು ಮುಟ್ಟುವುದಿಲ್ಲವೆಂದು ನಿರ್ಧರಿಸಿದ್ದೇವೆ.